ರಟ್ಟಿನ ಹಿಂಬದಿ

ವಕೀಲೆ ಅಂಗಿಯ ಅಳತೆ ಬರೆದ ರಟ್ಟನ್ನು ಮಗುಚಿದರು. ಹಿಂಬದಿಯಲ್ಲಿ ಹಳೆಯ ಗಾರ್ಮೆಂಟ್ಸ್ ಕಾರ್ಖಾನೆಯ ನೀಲಿ ಮೊಹರಿತ್ತು.

“ಇದನ್ನ ಯಾವಾಗ ಬರೆದ್ರಿ?”

“ಅಲ್ಲಿ ಕೆಲಸಕ್ಕಿದ್ದಾಗ,” ಎಂದಳು ಬಟ್ಟೆ ಕತ್ತರಿಸುವ ಕಟಿಂಗ್‌ನವಳು. “ಕದ್ದಿದ್ದಲ್ಲ ಮೇಡಂ. ಒಲೆಗೆ ಹಾಕ್ಕೋ ಅಂತ ಸೂಪರ್‌ವೈಸರೇ ಕೊಟ್ಟಿದ್ದು.”

“ಒಲೆಗೆ ಹಾಕಿದ್ರೆ ತೊಂದರೆ ಇರ್ಲಿಲ್ಲ.”

ಪಕ್ಕದಲ್ಲಿದ್ದ ನಾದಿನಿ ಕಿಸಕ್ಕನೆ ನಕ್ಕು, ಅತ್ತಿಗೆಯ ಮುಖ ನೋಡಿ ಬಾಯಿ ಮುಚ್ಚಿಕೊಂಡಳು.

ಇಬ್ಬರೂ ಸೇರಿ ಕಂಪನಿ ತೆರೆಯಲು ಬಂದಿದ್ದರು. ಅರ್ಧರ್ಧ ಪಾಲು ಎಂದು ಬರೆದಾಗಿತ್ತು. ಹೊಲಿಯುವುದು ಒಂದೇ ಬಗೆಯ ಅಂಗಿ: ಒಂದೇ ಕೈಯಲ್ಲಿ ತೊಟ್ಟು ಬಿಚ್ಚುವಂಥದ್ದು. ಅತ್ತೆಯ ಬಲಗೈ ಸ್ವಾಧೀನ ತಪ್ಪಿದಾಗ ಸೊಸೆಯಾದ ಇವಳು ಮನೆಯಲ್ಲೇ ಎಂಟು ತಿಂಗಳು ಕತ್ತರಿಸಿ, ಕೆಡಿಸಿ, ಮತ್ತೆ ಕತ್ತರಿಸಿ ಕಂಡುಕೊಂಡದ್ದು. ಯಾರ ನೆರವೂ ಇಲ್ಲದೆ ತೊಟ್ಟುಕೊಂಡ ದಿನ ಅತ್ತೆ ಹೊಗಳಲಿಲ್ಲ. ಕಾಲರ್ ಸೊಟ್ಟಗಿದೆ ಎಂದರು.

ಈ ಅಂಗಿ ಕೈತಪ್ಪಿದರೆ ಕಂಪನಿಯಲ್ಲಿ ಉಳಿಯುವುದು ಬೋರ್ಡು ಮಾತ್ರ.

“ಕೆಲಸದಲ್ಲಿದ್ದಾಗ ಮಾಡಿದ್ದೆಲ್ಲ ಕಾರ್ಖಾನೆಗೆ ಸೇರುತ್ತೆ ಅಂತ ಎಷ್ಟೋ ಕರಾರಲ್ಲಿ ಇರುತ್ತೆ,” ಎಂದರು ವಕೀಲೆ. “ನಿಮ್ಮ ಅಂಗಿ ಓಡಿದ್ರೆ ನೋಟಿಸ್ ಬರುತ್ತೆ. ನಿಮ್ಮ ನೇಮಕಾತಿ ಪತ್ರ ಎಲ್ಲಿ?”

“ಕೊಟ್ಟಿದ್ರೆ ತಾನೇ ಇರೋದು!” ಅವಳ ದನಿ ಏರಿತು. “ಹನ್ನೊಂದು ವರ್ಷ ಪೀಸ್ ಲೆಕ್ಕದಲ್ಲೇ ದುಡಿಸಿದ್ರು ಮೇಡಂ. ಕೇಳಿದಾಗೆಲ್ಲ ಮುಂದಿನ ತಿಂಗಳು, ಮುಂದಿನ ತಿಂಗಳು. ಒಂದು ಗುರುತಿನ ಚೀಟಿಗೂ ಗತಿ ಇರ್ಲಿಲ್ಲ.”

“ಯಾವ ಕರಾರಿಗೂ ಸಹಿ ಹಾಕಿಲ್ಲ?”

“ಇಲ್ಲ.”

ವಕೀಲೆ ಪೆನ್ನು ಕೆಳಗಿಟ್ಟರು. “ಹಾಗಾದ್ರೆ ಅವರಿಗೇ ಇಕ್ಕಟ್ಟು. ಇವಳು ನಮ್ಮಲ್ಲಿ ನೌಕರಿಗಿದ್ಲು ಅಂತ ಬಾಯಿ ಬಿಟ್ರೆ, ಹನ್ನೊಂದು ವರ್ಷ ಕೊಡದ ಸವಲತ್ತಿಗೂ ಉತ್ತರ ಹೇಳ್ಬೇಕು. ಅದನ್ನ ಮೈಮೇಲೆ ಎಳ್ಕೊಳ್ಳೋದು ಅನುಮಾನ. ಈ ರಟ್ಟು ನನ್ನ ಹತ್ರ ಇರ್ಲಿ. ಅಂಗಿ ಯಾಕೆ, ಎಲ್ಲಿ ಮಾಡಿದ್ದು ಅಂತ ನಿಮ್ಮತ್ತೆ ಒಂದು ಹೇಳಿಕೆ ಕೊಡ್ಲಿ.”

“ಅಮ್ಮ ಹೇಳಿಕೆ ಕೊಟ್ರೆ ಕಾಲರ್ ವಿಷಯಾನೂ ಬರುತ್ತೆ,” ಎಂದಳು ನಾದಿನಿ.

ವಕೀಲೆ ಹಾಳೆ ತಿರುವಿದರು. “ಇಬ್ಬರು ಹೊಲಿಯೋರನ್ನ ಇಟ್ಕೊಳ್ತೀರಲ್ಲ. ಅವರು ಮಾಡಿದ್ದೆಲ್ಲ ಕಂಪನಿಗೇ ಅಂತ ಅವರ ಪತ್ರದಲ್ಲಿ ಹಾಕ್ಲಾ? ಎಲ್ಲರೂ ಹಾಕಿಸ್ತಾರೆ.”

“ಹಾಕಿ,” ಎಂದಳು ನಾದಿನಿ.

ಹಾಕಿ ಎಂಬ ಮಾತು ಕಟಿಂಗ್‌ನವಳ ಬಾಯಿಗೂ ಬಂದಿತ್ತು. ಮೇಜಿನ ಮೇಲಿನ ನೀಲಿ ಮೊಹರು ನೋಡಿದಳು.

“ಕಂಪನಿಗೆ ಅಂತ ಮಾಡಿದ್ದು ಕಂಪನಿಗೆ. ಮನೇಲಿ ಅವರವರ ಅತ್ತೆಗೆ ಮಾಡಿದ್ದು ಅವರಿಗೆ. ಹಂಗೆ ಬರೀರಿ. ನೇಮಕಾತಿ ಪತ್ರ ಮೊದಲನೇ ದಿನಾನೇ ಕೊಡ್ಬೇಕು.”

“ನಾಳೆ ನಿಮಗೇ ನಷ್ಟ ಆಗ್ಬಹುದು.”

“ಆಗ್ಲಿ.”

“ಅತ್ತಿಗೆ, ಇನ್ನೂ ಮಿಷನ್ನೇ ಬಂದಿಲ್ಲ!”

“ಬರೋ ತನಕ ಪತ್ರ ಬರಿ.”

ನಾದಿನಿ ಗೊಣಗುತ್ತ ಪೆನ್ನು ತೆಗೆದಳು. “ಸರಿ, ಬಾಬಿನ್ನಕ್ಕನ ಪೂರ್ತಿ ಹೆಸರೇನು?”

ಎಲ್ಲರೂ ಬಾಬಿನ್ನಕ್ಕ ಎಂದೇ ಕರೆಯುತ್ತಿದ್ದ ಅವಳು ಕೆಲಸಕ್ಕೆ ಬರಲಿದ್ದ ಇಬ್ಬರಲ್ಲಿ ಒಬ್ಬಳು; ಆ ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ಇವಳ ಕಟಿಂಗ್ ಮೇಜಿನ ಎದುರಿಗೇ ಕೂತು ಹೊಲಿದವಳು. ಕಟಿಂಗ್‌ನವಳು ಬಾಯಿ ತೆರೆದಳು, ಮುಚ್ಚಿದಳು.

“ಖಾಲಿ ಬಿಡು,” ಎಂದಳು ಕೊನೆಗೆ. “ಹೋಗ್ತಾ ಅವಳ ಮನೆ ಕಡೆಯಿಂದ ಹೋಗೋಣ. ಹೆಸರು ಕೇಳ್ಬೇಕು.”