ಕಿರ್ ಎನ್ನದ ಸ್ಟೂಲು

ಇಂಗ್ಲಿಷ್ ಪತ್ರಿಕೆಯವನು ಬರೆದದ್ದನ್ನು ಜಯಸಿಂಹ ಹನ್ನೊಂದನೆಯ ಸಲ ಓದಿದ. ತಾತ್ಪರ್ಯ ಇಷ್ಟೇ: ‘ತುಕ್ಕು’ ಬ್ಯಾಂಡಿನ ಹೊಸ ಆಲ್ಬಮ್ ಎತ್ತು ಏರಿಗೆ, ಕೋಣ ನೀರಿಗೆ ಎಂಬಂತಿದೆ. ನಾಲ್ಕು ನಿಧಾನದ ಹಾಡುಗಳು ಮೈ ಜುಮ್ಮೆನ್ನಿಸುತ್ತವೆ, ಐದು ವೇಗದ ಹಾಡುಗಳು ಬಾಯಿಪಾಠ ಒಪ್ಪಿಸಿದಂತಿವೆ. ಆ ನಾಲ್ಕರಲ್ಲಿ ಡ್ರಮ್ಸ್ ಹೊಡೆದ ಕೈಗೆ ದೊಡ್ಡ ನಮಸ್ಕಾರ.

ಡ್ರಮ್ಸ್ ಹೊಡೆದವನು ಜಯಸಿಂಹನೇ. ಓದಿ ಉಬ್ಬಿಹೋಗಬೇಕಾದವನು ಜಯನಗರದ ಬಾಡಿಗೆ ಮನೆಯ ವರಾಂಡದಲ್ಲಿ ಕಾಫಿ ಆರಿಸಿಕೊಂಡು ಮುಖ ಗಂಟು ಹಾಕಿ ಕೂತಿದ್ದ. ಆ ಕೈ ತನ್ನದಲ್ಲ ಎಂಬ ಗುಮಾನಿ ಅವನನ್ನು ಮೂರು ದಿನದಿಂದ ತಿನ್ನುತ್ತಿತ್ತು. ಮೇ ತಿಂಗಳಲ್ಲಿ ರೆಕಾರ್ಡಿಂಗ್ ಆದಾಗ ಬಲಭುಜದ ನೋವಿಗೆ ಊಟದ ತಟ್ಟೆ ಎತ್ತುವುದೇ ಕಷ್ಟವಾಗಿತ್ತು. ನಲವತ್ತಾರು ವರ್ಷದ, ವಿಮಾ ಕಚೇರಿಯ ಗುಮಾಸ್ತನ ಆ ಕೈಗೆ ನಮಸ್ಕಾರ ಯಾರು ಹೇಳುತ್ತಾರೆ?

ಅದೂ ಅಲ್ಲದೆ ಸ್ಟೂಲಿನ ವಿಷಯವಿತ್ತು.

ತೊಂಬತ್ತಮೂರರಲ್ಲಿ, ಪದ್ಮನಾಭನಗರದಲ್ಲಿ ಬ್ಯಾಂಡಿನ ಗಿಟಾರಿಸ್ಟ್ ಸೀನುವಿನ ಮನೆಯ ಗ್ಯಾರೇಜಿನಲ್ಲಿ, ಸದ್ದು ಮಾರ್ದನಿಸದಿರಲೆಂದು ಗೋಡೆಗೆಲ್ಲ ಮೊಟ್ಟೆ ಟ್ರೇ ಅಂಟಿಸಿ ‘ತುಕ್ಕು’ ತನ್ನ ಮೊದಲ ಕ್ಯಾಸೆಟ್ ಮಾಡಿತ್ತು. ಒಂದು ಹಾಡಿನ ನಡುವೆ ಎಲ್ಲರೂ ಗಪ್‌ಚಿಪ್ಪಾಗುವ ಕ್ಷಣದಲ್ಲಿ ಜಯಸಿಂಹ ಕೈಯೆತ್ತಲು ಹಿಂದೆ ವಾಲಿದ, ಸ್ಟೂಲು ಕಿರ್ ಎಂದಿತು, ಅದು ಹಾಗೆಯೇ ರೆಕಾರ್ಡ್ ಆಯಿತು. ಕ್ಯಾಸೆಟ್ ಕೇಳಿದ ಹುಡುಗರು ಅದಕ್ಕೆ ಮರುಳಾದರು. ಆಮೇಲೆ ಪ್ರತಿ ಹಾಡಿನಲ್ಲೂ ಹಾಗೊಂದು ಮೌನ ಇಡುವುದು ಬ್ಯಾಂಡಿನ ಸಂಪ್ರದಾಯವೇ ಆಗಿಹೋಯಿತು. ಮೌನ, ಕಿರ್, ಆಮೇಲೆ ಪ್ರಳಯ.

ಹೊಸ ಸೀಡಿಯಲ್ಲಿ ಐದು ಹಾಡುಗಳ ಮೌನದಲ್ಲಿ ಕಿರ್ ಇತ್ತು. ಹೊಗಳಿಸಿಕೊಂಡ ನಾಲ್ಕರಲ್ಲಿ ಇರಲಿಲ್ಲ.

ಜೂನ್‌ನಲ್ಲಿ ಸೀನುವಿನ ಗೇಟಿನ ಮುಂದೆ ನಿಂಗರಾಜನ ಕೆಂಪು ಬೈಕು ನಿಂತದ್ದನ್ನು ಜಯಸಿಂಹ ಬಸ್ಸಿನಿಂದ ಕಣ್ಣಾರೆ ಕಂಡಿದ್ದ. ನಿಂಗರಾಜ ಹುಬ್ಬಳ್ಳಿ ಕಡೆಯವನು, ಬಿಟಿಎಮ್‌ನಲ್ಲಿ ರೂಮು ಮಾಡಿಕೊಂಡು ಇನ್ನೊಂದು ಬ್ಯಾಂಡಿಗೆ ಡ್ರಮ್ಸ್ ಹೊಡೆಯುವವನು, ಮೇಲಾಗಿ ಇಪ್ಪತ್ತೆಂಟು ವರ್ಷದವನು. ಡ್ರಮ್ಸ್ ರೆಕಾರ್ಡಿಂಗ್ ಮೇ ತಿಂಗಳಲ್ಲೇ ಮುಗಿದಿದ್ದಾಗ, ಜೂನ್‌ನಲ್ಲಿ ಅವನಿಗೆ ಅಲ್ಲೇನು ಕೆಲಸ? ಲೆಕ್ಕ ಸರಿಹೋಯಿತೆಂದು ಜಯಸಿಂಹ ಎದ್ದು ಚಪ್ಪಲಿ ಮೆಟ್ಟಿದ.

ಸೀನು ಗ್ಯಾರೇಜಿನಲ್ಲಿ ಗಿಟಾರಿನ ತಂತಿ ಬದಲಿಸುತ್ತಿದ್ದ. ಒಂದು ಕಾಲಕ್ಕೆ ಸೊಂಟದವರೆಗೆ ಕೂದಲು ಬಿಟ್ಟು ವೇದಿಕೆಯ ಮೇಲೆ ತಲೆ ಕೊಡವುತ್ತಿದ್ದವನಿಗೆ ಈಗ ಕೊಡವಲು ತಲೆ ಮಾತ್ರ ಉಳಿದಿತ್ತು.

“ನಿಜ ಹೇಳು ಸೀನು. ನಿಂಗರಾಜನ ಕೈಲಿ ಹೊಡೆಸಿದೀಯ ತಾನೆ?”

ಸೀನುವಿನ ಮುಖ ಬಿಳಿಚಿತು. “ಯಾವುದನ್ನ?”

“ಪೇಪರ್‌ನೋನು ಹೊಗಳಿದಾನಲ್ಲ, ಆ ನಾಲ್ಕು.”

“ಆ ನಾಲ್ಕಾ?” ಸೀನು ಉಸಿರು ಬಿಟ್ಟು ನಕ್ಕೇಬಿಟ್ಟ. “ಥೂ ನಿನ್ನ! ದೇವರಾಣೆ ಮಗಾ, ಅವು ನೀನೇ ಹೊಡೆದಿದ್ದು.”

“ಹಂಗಾದ್ರೆ ನನ್ ಸ್ಟೂಲ್ ಕಿರ್ ಅನ್ನೋದು ಎಲ್ಲಿ ಹೋಯ್ತು?”

ಸೀನು ಮತ್ತೆ ತಂತಿಯ ಕಡೆ ತಿರುಗಿದ. “ಎಲ್ಲಾ ಸಲಾನೂ ಅನ್ಬೇಕು ಅಂತ ರೂಲ್ಸ್ ಇದೆಯಾ ಗುರು?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಿತ್ತು ಅವನ ಚಡಪಡಿಕೆ. “ಶನಿವಾರದ ಶೋಗೆ ಆ ನಿಂಗರಾಜನನ್ನೇ ಕೂರಿಸ್ಕೊ. ಸ್ಟೂಲೂ ತಂದುಕೊಡ್ತೀನಿ,” ಎಂದು ಜಯಸಿಂಹ ಹೊರಟುಬಂದ.

ಮೇ ತಿಂಗಳ ರೆಕಾರ್ಡಿಂಗ್ ಆದಮೇಲೆ ಡಾಕ್ಟರರು ಕೆಲವು ತಿಂಗಳು ಡ್ರಮ್ಸ್ ಕೋಲು ಮುಟ್ಟಬಾರದು ಎಂದಿದ್ದರಿಂದ ಸ್ಟೂಲು ಅಟ್ಟ ಸೇರಿತ್ತು. ಇಳಿಸಿ ಧೂಳು ಒರೆಸಿದ. ಕೊಟ್ಟುಬಿಡುವ ಮುಂಚೆ ಒಂದು ಸಲ ಕೂರೋಣ ಎನ್ನಿಸಿತು. ಕೂತ. ಕೈಯೆತ್ತಿ ಹಿಂದೆ ವಾಲಿದ.

ಸ್ಟೂಲು ಪಿಟ್ಟೆನ್ನಲಿಲ್ಲ. ಇನ್ನೂ ವಾಲಿದ. ಇಲ್ಲ.

“ವಾರಿಜಾ! ಇದಕ್ಕೇನು ಮಾಡ್ದೆ?”

ಬ್ಲೌಸ್ ಹೊಲಿಯುತ್ತಿದ್ದ ಹೆಂಡತಿ ತಲೆಯೆತ್ತದೆ ಹೇಳಿದಳು: “ಮಿಷನ್ ಎಣ್ಣೆ ಬಿಟ್ಟೆ. ಕೆಳಗಡೆ ಮನೆ ತಿಮ್ಮಕ್ಕ ಪ್ರಾಣ ತಿಂತಿದ್ರು. ಡ್ರಮ್ ಬಡಿಯೋದು ಬೇಕಾದ್ರೆ ಸಹಿಸ್ಕೋತೀನಿ, ಆ ಕಿರ್ ಅನ್ನೋದಕ್ಕೆ ಹಲ್ಲು ಜುಂ ಅನ್ನತ್ತೆ ಅಂತ.”

“ಯಾವತ್ತು?”

“ನೀವು ರೆಕಾರ್ಡಿಂಗ್‌ಗೆ ಹೋಗೋ ಹಿಂದಿನ ದಿನ. ಯಾಕೆ?”

ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಹೊಡೆದವನಿಗೆ ಅವತ್ತು ಗೊತ್ತೇ ಆಗಿರಲಿಲ್ಲ. ಅಂದರೆ ಮೇ ತಿಂಗಳಲ್ಲಿ ಈ ಸ್ಟೂಲಿಗೆ ದನಿಯೇ ಇರಲಿಲ್ಲ. ಅಂದರೆ ಕಿರ್ ಇಲ್ಲದ ಆ ನಾಲ್ಕು ತನ್ನವೇ! ಆ ನಮಸ್ಕಾರ ತನಗೇ! ಜಯಸಿಂಹನಿಗೆ ಕುಣಿದಾಡುವಷ್ಟು ಖುಷಿಯಾಯಿತು. ಆ ಖುಷಿ ವಾರಿಜಾಳಿಗೆ ಹೇಳುವಷ್ಟು ಹೊತ್ತೂ ಬಾಳಲಿಲ್ಲ. ಹಾಗಾದರೆ ಉಳಿದ ಐದರಲ್ಲಿ ಕಿರ್ ಎಂದವರು ಯಾರು?

ಹಳೆಯ ಕ್ಯಾಸೆಟ್ ಹುಡುಕಿ ಹಾಕಿದ. ಮೌನ, ಕಿರ್, ಮತ್ತು ಅದರ ಬಾಲಕ್ಕೆ, ತೀರಾ ಸಣ್ಣಗೆ, ಅವತ್ತು ಸೀನುವಿನ ಮನೆಯೊಳಗಿಂದ ಬಂದ ಕುಕ್ಕರಿನ ಸೀಟಿಯ ಮೊದಲ ಚೂರು. ಆಮೇಲೆ ಸೀಡಿ ಹಾಕಿದ. ಐದು ಹಾಡು, ಐದು ಕಿರ್, ಐದರ ಬಾಲಕ್ಕೂ ಅದೇ ಸೀಟಿ.

ಮರುದಿನ ಬೆಳಿಗ್ಗೆ ಸ್ಟೂಲನ್ನು ಹೊತ್ತುಕೊಂಡೇ ಸೀನುವಿನ ಗ್ಯಾರೇಜಿಗೆ ಹೋದ.

“ರೆಕಾರ್ಡಿಂಗ್ ಹಿಂದಿನ ದಿನಾನೇ ವಾರಿಜಾ ಈ ಸ್ಟೂಲಿಗೆ ಎಣ್ಣೆ ಬಿಟ್ಟಿದ್ಲಂತೆ. ಐದರಲ್ಲೂ ನಿಮ್ಮಮ್ಮನ ಕುಕ್ಕರ್ ಕೂಗ್ತಿದೆ ಕಣೋ. ಅಮ್ಮ ಹೋಗಿ ಆರು ವರ್ಷ ಆಯ್ತು.”

ಸೀನು ನೆಲದ ಮೇಲೆ ಕೂತುಬಿಟ್ಟ.

“ಫಾಸ್ಟ್ ಹಾಡಲ್ಲಿ ಅರ್ಧಕ್ಕೇ ನಿನ್ ಕೈ ಸೋತು ಹೋಗ್ತಿತ್ತು ಮಗಾ. ನಿಂಗೆ ಹೇಳೋ ಧೈರ್ಯ ನಂಗೆ ಬರ್ಲಿಲ್ಲ. ನಿಂಗರಾಜನಿಗೆ ನಿನ್ ಹಳೇ ಕ್ಯಾಸೆಟ್ ಕೊಟ್ಟು, ಹಂಗೇ ಹೊಡಿ ಅಂದೆ. ಆಮೇಲೆ ಕೇಳ್ದಾಗ ಸಂಕಟ ಆಯ್ತು. ಸ್ಟೂಲಾದ್ರೂ ನಿಂದಿರಲಿ ಅಂತ ಅದೇ ಕ್ಯಾಸೆಟ್ಟಿನ ಕಿರ್ ತೆಗೆದು ಅಂಟಿಸ್ದೆ.”

ಜಯಸಿಂಹನಿಗೆ ಅವನ ಬೋಳು ತಲೆಗೆ ಬಾರಿಸಬೇಕು ಎನ್ನಿಸಿತು, ತಬ್ಬಿಕೊಂಡು ಅಳಬೇಕು ಎಂದೂ ಎನ್ನಿಸಿತು. ಎರಡೂ ಮಾಡಲಿಲ್ಲ.

“ನಾನು ಹೊಡೆದಿದ್ದನ್ನ ಹಾಕು.”

ಸೀನು ಹಾಕಿದ. ಎರಡು ನಿಮಿಷ ಸರಿಯಾಗಿತ್ತು. ಆಮೇಲೆ ಬಲಗೈ ಹಿಂದೆ ಬಿತ್ತು. ಏದುಸಿರು ಬಿಡುತ್ತಾ ಬಸ್ಸಿನ ಹಿಂದೆ ಓಡುವವನಂತೆ ಹಾಡಿನ ಹಿಂದೆ ಓಡಿತು. ಐದನ್ನೂ ಹಾಕಿಸಿ ಕೇಳಿದ. ಐದರಲ್ಲೂ ಹಾಗೆಯೇ. ಇನ್ನು ಅನುಮಾನಪಡಲು ಏನೂ ಉಳಿದಿರಲಿಲ್ಲ, ಅದೇ ಹೆಚ್ಚು ನೋಯಿತು.

“ಶನಿವಾರ ನಾಲ್ಕು ನಾನು ಹೊಡಿತೀನಿ,” ಎಂದ ಕೊನೆಗೆ. “ಐದು ನಿಂಗರಾಜ ಹೊಡೀಲಿ. ಕದ್ದುಮುಚ್ಚಿ ಅಲ್ಲ, ಮೈಕಲ್ಲಿ ಅವನ ಹೆಸರು ಹೇಳಿ, ಅವನ ಸ್ಟೂಲ್ ಮೇಲೆ ಕೂರಿಸಿ.”

ಸೀನು ಕಣ್ಣೊರೆಸಿಕೊಂಡ. “ಸ್ಟೂಲಿನ ಎಣ್ಣೆ ಒರೆಸಿಬಿಡೋಣ್ವಾ? ಜನ ಕಿರ್ ಕಿರ್ ಅಂತ ಕೂಗ್ತಾರೆ, ಗೊತ್ತಲ್ಲ.”

“ಬೇಡ. ಕೂಗ್ಲಿ ಬಿಡು. ಏನೂ ಕೇಳಿಸ್ದೇ ಇದ್ರೆ ಅಲ್ಲಿರೋದು ನಾನೇ ಅಂತ ತಿಳ್ಕೊಳ್ಳಿ.”

ಹಾಗೆಂದು, ನೋವಿಲ್ಲದ ಎಡಗೈಯಿಂದ ಸ್ಟೂಲನ್ನು ಎತ್ತಿ ಡ್ರಮ್ಮುಗಳ ಹಿಂದೆ ಇಟ್ಟು ಕೂತುಕೊಂಡ.