ಹೊಂಬಾಳಮ್ಮನ ಬಣ್ಣದ ಕೋಲು

ನಾನು ಒಂದು ಊರುಗೋಲು. ಹೀಗೆಂದ ಕೂಡಲೇ ನಿಮ್ಮ ಕಣ್ಣ ಮುಂದೆ ಬಿದಿರಿನದೋ ಅಲ್ಯೂಮಿನಿಯಂನದೋ ಒಂದು ಬಡಕಲು ಕೋಲು ಬಂದಿರಬೇಕು. ನಾನು ಹಾಗಿರಲಿಲ್ಲ. ಮೈತುಂಬ ಕೆಂಪು, ಹಳದಿ, ಹಸಿರು ಪಟ್ಟೆ. ಹಿಡಿಯ ಜಾಗದಲ್ಲಿ ಗಿಣಿಯ ತಲೆ. ಅಂಗಡಿಯಲ್ಲಿ ಇಟ್ಟಿದ್ದರೆ ನನಗಾಗಿ ಮಕ್ಕಳು ಅತ್ತು ರಂಪ ಮಾಡುತ್ತಿದ್ದವು. ಈಗ ನನ್ನನ್ನು ನೋಡಿದವರು ನಂಬಲಿಕ್ಕಿಲ್ಲ. ಇರಲಿ, ಮೊದಲಿನಿಂದ ಹೇಳುತ್ತೇನೆ.

ನಾನು ಹುಟ್ಟಿದ್ದು ಮರದ ಗೊಂಬೆ ಮಾಡುವ ಊರಿನಲ್ಲಿ, ಜಬ್ಬಾರ್ ಸಾಬರ ಕಾರ್ಖಾನೆಯಲ್ಲಿ. ಕಾರ್ಖಾನೆ ಅಂದರೆ ಏನೋ ಅಂದುಕೊಳ್ಳಬೇಡಿ, ಶೀಟು ಹೊದೆಸಿದ ಒಂದು ಉದ್ದನೆಯ ಕೋಣೆ, ಒಳಗೆ ಸಾಲಾಗಿ ಲೇತುಗಳು. ಹಾಲೆ ಮರದ ತುಂಡು ಗರಗರ ತಿರುಗುವಾಗ ಉಳಿ ಹಿಡಿದರೆ ಅದು ಬೆಣ್ಣೆಯಂತೆ ಸುಲಿಯುತ್ತದೆ. ಆಮೇಲೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯಬೇಕು. ತಿರುಗುವ ಬಿಸಿಗೆ ಅರಗು ಕರಗಿ ಮರಕ್ಕೆ ಮೆತ್ತಿಕೊಳ್ಳುತ್ತದೆ. ಮೇಲೆ ತಾಳೆಗರಿಯಿಂದ ಉಜ್ಜಿದರೆ ಮುಖ ಕಾಣುವಷ್ಟು ಹೊಳಪು.

ಆ ಕೋಣೆಯಲ್ಲಿ ಅರಗು ಹಾಕುವುದರಲ್ಲಿ ಹೊಂಬಾಳಮ್ಮನ ಕೈಯೇ ಕೈ. ಅಪ್ಪ ಅಮ್ಮ ಬೇಗ ಹೋದ ಮೇಲೆ, ತಮ್ಮ ಕೆಂಪರಾಜನನ್ನು ಸಾಕಲು ಲೇತಿನ ಮುಂದೆ ಕೂತವಳು. ಬುಗುರಿ, ಗಿಲಕಿ ಮಾಡಿಯೇ ಅವನನ್ನು ಓದಿಸಿದಳು, ಅವನಿಗೆ ಮದುವೆ ಮಾಡಿದಳು. ತನ್ನ ಮದುವೆಯ ಮಾತು ಬಂದಾಗಲೆಲ್ಲ ಕೆಂಪ ಒಂದು ದಡ ಸೇರಲಿ ಎಂದು ಮುಂದಕ್ಕೆ ಹಾಕಿದಳು. ಅವನು ದಡ ಸೇರುವ ಹೊತ್ತಿಗೆ ಅವಳನ್ನು ಕೇಳುವವರು ಇರಲಿಲ್ಲ.

ಮೊದಲು ಅವಳ ಕೈಯಿಂದ ಉಳಿ ಜಾರಿತಂತೆ. ಆಮೇಲೆ ಒಂದು ಬುಗುರಿ ಎರಡಾಗಿ ಕಂಡಿತಂತೆ. ಆಮೇಲೆ ಎಡಗಾಲು ಹೇಳಿದ ಮಾತು ಕೇಳುವುದನ್ನು ಬಿಟ್ಟಿತು. ಬೆಂಗಳೂರಿನ ದೊಡ್ಡ ಡಾಕ್ಟರು ತಲೆಯ ಸ್ಕ್ಯಾನ್ ನೋಡಿ ಮಲ್ಟಿಪಲ್ ಸ್ಕ್ಲಿರೋಸಿಸ್ ಎಂದರು. ಆ ಹೆಸರು ಅವಳ ನಾಲಿಗೆಗೆ ಹತ್ತಲಿಲ್ಲ, ಆದರೆ ವಿಷಯ ಚೆನ್ನಾಗಿ ಹತ್ತಿತು. ಕಾರ್ಖಾನೆಗೆ ಬಂದು ಜಬ್ಬಾರ್ ಸಾಬರಿಗೆ ಹೀಗೆ ಹೇಳಿದಳು:

"ನರದ ಮ್ಯಾಲೆ ಒಂದು ಪೊರೆ ಇರ್ತದಂತೆ ಜಬ್ಬಾರಣ್ಣ, ನಮ್ಮ ಅರಗು ಇದ್ದಂಗೆ. ನಂದು ಅಲ್ಲಲ್ಲಿ ಎದ್ದೋಗೈತೆ."

ಅವರು ಲೇತು ನಿಲ್ಲಿಸಿದರು. "ಅರಗೇ ಆಗಿದ್ರೆ ನಾನೇ ಇನ್ನೊಂದು ಕೋಟು ಹಾಕ್ಕೊಡ್ತಿದ್ನಲ್ಲಮ್ಮ" ಎಂದು ಮುಖ ಆಚೆ ತಿರುಗಿಸಿಕೊಂಡರು.

ಮಾರನೆಯ ದಿನ ನನ್ನನ್ನು ಕಡೆಯಲು ಶುರುಮಾಡಿದರು. ಮೂರು ತುಂಡಾಗಿ ಕಡೆದು, ನಡುವೆ ಕಬ್ಬಿಣದ ಸರಳು ಕೊಟ್ಟು ಬೆಸೆದರು. ಬುಡಕ್ಕೆ ರಬ್ಬರಿನ ಬೂಟು. ಕಾಯಿಲೆಯವಳ ಕೋಲು ಅನ್ನಿಸಬಾರದು ಎಂದು, ತಮ್ಮಲ್ಲಿದ್ದ ಒಳ್ಳೆಯ ಬಣ್ಣಗಳನ್ನೆಲ್ಲ ನನ್ನ ಮೈಗೆ ಬಳಿದರು. ಪ್ರೀತಿಯಿಂದಲೇ ಬಳಿದರು. ಆ ಪ್ರೀತಿ ಮುಂದೆ ಏನು ಮಾಡಿತು ಎನ್ನುವುದನ್ನು ನೆನೆದರೆ ಇವತ್ತಿಗೂ ನನಗೆ ಸಂಕಟವಾಗುತ್ತದೆ.

ಕೋಲುಗಳಿಗೆ ಮನುಷ್ಯರ ಮುಖಕ್ಕಿಂತ ಪಾದಗಳ ಪರಿಚಯ ಜಾಸ್ತಿ. ಹೊಂಬಾಳಮ್ಮನ ಎಡ ಹೆಬ್ಬೆರಳು ನೆಲ ಕೆರೆಯುತ್ತಿತ್ತು. ಎಡ ಚಪ್ಪಲಿಯ ತುದಿ ಸವೆದು ಕಾಗದದಷ್ಟು ತೆಳ್ಳಗಾಗಿತ್ತು. ಚಪ್ಪಲಿ ಕಳಚಿ ಹಿಂದೆ ಉಳಿದರೂ ಅವಳಿಗೆ ಗೊತ್ತಾಗುತ್ತಿರಲಿಲ್ಲ. ದಾರಿಯಲ್ಲಿ ಹೋಗುವವರು "ಯಕ್ಕೋ, ಚಪ್ಪಲಿ" ಎಂದು ಕೂಗುತ್ತಿದ್ದರು. ಬೆಳಗಿನ ತಂಪಿನಲ್ಲಿ ನನ್ನ ಮೇಲೆ ಬೀಳುವ ಭಾರ ಕಡಿಮೆ. ಬಿಸಿಲೇರಿದಂತೆ ಅವಳ ಮೈಯೆಲ್ಲ ನನ್ನ ಮೇಲೆಯೇ. ಬೆಳಿಗ್ಗೆ ನೋಡಿದ ಜನ ಮಧ್ಯಾಹ್ನ ನೋಡಿ ನಾಟಕ ಎನ್ನುತ್ತಿದ್ದರು. ಈ ಕಾಯಿಲೆಗೆ ಬಿಸಿಲು ಆಗುವುದಿಲ್ಲ ಎಂದು ಎಷ್ಟು ಜನಕ್ಕೆ ಹೇಳಿಕೊಂಡು ತಿರುಗುತ್ತಾಳೆ?

ಲೇತು ಬಿಟ್ಟ ಮೇಲೆ ಅವಳು ತಮ್ಮನ ಮನೆಯ ಒಳಕೋಣೆಯಲ್ಲಿದ್ದಳು. ಅವನು ಅನ್ನಕ್ಕೆ ಕಡಿಮೆ ಮಾಡಲಿಲ್ಲ. ಆದರೆ ಅವಳಿಗೆ ಒಂದೇ ಆಸೆ, ಸರ್ಕಾರದ ಅಂಗವಿಕಲರ ಮಾಸಾಶನ ಬಂದರೆ ಕಾರ್ಖಾನೆಯ ಹತ್ತಿರ ಒಂದು ಕೋಣೆ ಹಿಡಿದು ತನ್ನ ಒಲೆ ತಾನು ಹಚ್ಚಬೇಕು. "ಇನ್ನೊಂದು ಮುದ್ದೆ ಬೇಕು ಅಂತ ಕೇಳಕ್ಕೆ ಯಾರ ಮುಖಾನೂ ನೋಡ್ಬಾರ್ದು" ಎನ್ನುತ್ತಿದ್ದಳು. ಕೆಂಪರಾಜನೇ ಅರ್ಜಿ ಬರೆದ. ಅವನೇ ಸ್ಕೂಟರಿನಲ್ಲಿ ಕೂರಿಸಿಕೊಂಡು, ನನ್ನನ್ನು ಮುಂದೆ ಅಡ್ಡಡ್ಡ ಇಟ್ಟುಕೊಂಡು, ಅಂಗವಿಕಲತೆಯ ತಪಾಸಣೆಗೆ ದೊಡ್ಡಾಸ್ಪತ್ರೆಗೆ ಕರೆದೊಯ್ದ.

ಅವತ್ತು ಅವಳು ತನ್ನ ಒಳ್ಳೆಯ ಸೀರೆ ಉಟ್ಟು, ಹೂ ಮುಡಿದು ಹೊರಟಿದ್ದಳು. ದೊಡ್ಡವರ ಮುಂದೆ ಹೋಗುವಾಗ ಹಾಗೆಯೇ ಅಲ್ಲವೇ? ಕೋಣೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟಳು. ಆ ಸವೆದ ಚಪ್ಪಲಿಯನ್ನು ಡಾಕ್ಟರು ಒಂದು ಸಲ ನೋಡಿದ್ದರೆ ಸಾಕಿತ್ತು. ಅದು ಹೊರಗೇ ಉಳಿಯಿತು. ಬೆಳಗಿನ ಮೊದಲ ಹೆಸರು ಅವಳದ್ದೇ, ಫ್ಯಾನು ಬೇರೆ ತಿರುಗುತ್ತಿತ್ತು.

"ಏನಮ್ಮ, ಈ ಕೋಲು ಎಲ್ಲಿ ತಗೊಂಡ್ರಿ? ತುಂಬಾ ಚೆನ್ನಾಗಿದೆ" ಎಂದರು ಮೂವರು ಡಾಕ್ಟರಲ್ಲಿ ನಡುವೆ ಕೂತಿದ್ದವರು.

ಗೊಂಬೆ ಮಾಡುವವರ ಕೈಗೆ ಒಂದು ರೂಢಿ ಇದೆ. ಚೆನ್ನಾಗಿದೆ ಎಂದವರ ಕೈಗೆ ವಸ್ತುವನ್ನು ಕೊಟ್ಟುಬಿಡಬೇಕು. ಕೈಗೆ ಬಂದದ್ದನ್ನು ಗಿರಾಕಿ ಬಿಡುವುದಿಲ್ಲ. ಚಿಕ್ಕಂದಿನಿಂದ ರೂಢಿಯಾದ ಆ ಕೈ ಯೋಚನೆಯನ್ನೇ ಮಾಡಲಿಲ್ಲ. ನನ್ನನ್ನು ಎತ್ತಿ ಅವರ ಕೈಗೆ ಕೊಟ್ಟಳು.

ನಾನು ಮೇಜಿನ ಈ ತುದಿಯಿಂದ ಆ ತುದಿಗೆ ಹೋದೆ. ಒಬ್ಬರು ನನ್ನನ್ನು ಬೆರಳಿನಿಂದ ತಟ್ಟಿದರು. ಇನ್ನೊಬ್ಬರು ಮಗಳ ಹುಟ್ಟುಹಬ್ಬಕ್ಕೆ ಇಂಥದ್ದೇ ಗಿಣಿ ಸಿಗುತ್ತದೆಯೇ ಎಂದು ಕೇಳಿದರು. ಅವಳು ನಿಂತೇ ಅರಗು ಹಾಕುವುದು ಹೇಗೆ ಎಂದು ನಗುನಗುತ್ತ ವಿವರಿಸಿದಳು. ಮೀನಖಂಡವನ್ನು ಹಿಂದಿದ್ದ ಕುರ್ಚಿಗೆ ಒತ್ತಿಕೊಂಡು ನಿಂತಿದ್ದಳು. ಸೀರೆಯ ನೆರಿಗೆ ನಡುಗುವುದು ಮೇಜಿನ ಮೇಲೆ ಮಲಗಿದ್ದ ನನಗೆ ಕಾಣುತ್ತಿತ್ತು. ಅವರು ನನ್ನನ್ನು ನೋಡುತ್ತಿದ್ದರು.

ಕೆಲವು ವಾರಗಳಾದ ಮೇಲೆ ಉತ್ತರ ಬಂತು. ಆಧಾರವಿಲ್ಲದೆ ನಿಲ್ಲಬಲ್ಲರು, ಲವಲವಿಕೆಯಿಂದಿದ್ದಾರೆ, ಮಾಸಾಶನಕ್ಕೆ ಬೇಕಾದಷ್ಟು ಅಂಗವಿಕಲತೆ ಕಂಡುಬಂದಿಲ್ಲ. ಕೆಂಪರಾಜ ಓದಿ ಹೇಳಿದಾಗ ಅವಳು ತುಂಬ ಹೊತ್ತು ನನ್ನ ಗಿಣಿಯ ತಲೆಯನ್ನು ಸವರುತ್ತ ಕೂತಳು.

"ನನ್ ಕೋಲ ಮೆಚ್ಕೊಂಡ್ರು ಕಣೋ ಕೆಂಪ. ನನ್ನ ನೋಡ್ಲೇ ಇಲ್ಲ."

ಅವನಿಗೆ ಸಿಟ್ಟು ನೆತ್ತಿಗೇರಿತು. ನಾನು ಬುಡಲ್ಲ ಕಣಕ್ಕ ಎಂದು ತಾನೇ ಓಡಾಡಿ ಮೇಲ್ಮನವಿ ಹಾಕಿದ. ಕೋಲಿಲ್ಲದೆ ನಡೆಯಲಾರಳು, ಬಚ್ಚಲಿಗೂ ಗೋಡೆ ಹಿಡಿದೇ ಹೋಗಬೇಕು, ಯಾರು ಬೇಕಾದರೂ ಮನೆಗೆ ಬಂದು ನೋಡಲಿ ಎಂದು ಬರೆಸಿದ. ಅದು ಸುಳ್ಳೂ ಅಲ್ಲ. ನಾನು ಜೊತೆಗಿಲ್ಲದ ಹೊತ್ತಿನಲ್ಲಿ ಅವಳು ಹಿಡಿದು ನಡೆದ ಗೋಡೆಯ ಮೇಲೆ, ಕೋಣೆಯಿಂದ ಬಚ್ಚಲಿನ ತನಕ, ಅಂಗೈಯ ಕಂದು ಕಲೆಗಳ ಒಂದು ಸಾಲೇ ಇತ್ತು. ಮನೆಗೆ ಬಂದು ನೋಡುತ್ತೇವೆ ಎಂದು ಕಚೇರಿಯವರು ಹೇಳಿ ಕಳಿಸಿದರು. ಯಾವತ್ತು ಎಂದು ಹೇಳಲಿಲ್ಲ.

ಅಷ್ಟರಲ್ಲಿ ಕೆಂಪರಾಜನ ಮಗಳು ಸಿಂಚನಳಿಗೆ ಮದ್ದೂರು ಕಡೆಯಿಂದ ಒಳ್ಳೆಯ ಸಂಬಂಧ ಕೂಡಿಬಂತು. ಗಂಡಿನವರು ಒಂದೇ ಮಾತು ಕೇಳಿ ಕಳಿಸಿದ್ದರು, ವಂಶದಲ್ಲಿ ಏನಾದರೂ ಕಾಯಿಲೆ ಇದೆಯೇ ಎಂದು. ಈ ಕಾಯಿಲೆ ಹಾಗೆ ನೇರವಾಗಿ ವಂಶಕ್ಕೆ ಇಳಿದು ಬರುವಂಥದ್ದಲ್ಲ ಎಂದು ಡಾಕ್ಟರು ಹೇಳಿದ್ದರು. ಅದನ್ನು ಬೀಗರಾಗುವವರಿಗೆ ಹೇಳುವ ಧೈರ್ಯ ಕೆಂಪರಾಜನಿಗೆ ಬರಲಿಲ್ಲ. ಮನೆಗೆಲ್ಲ ಬಣ್ಣ ಹೊಡೆಸಿದ. ಅಂಗೈಯ ಸಾಲು ಮುಚ್ಚಿಹೋಯಿತು. ಹೆಣ್ಣು ನೋಡಲು ಬರುವ ದಿನ ಅಕ್ಕನಿಗೆ ಒಳಕೋಣೆಯಲ್ಲಿ ಇರು ಎಂದ.

"ಒಂದಿನ ತಾನೆ, ಇರ್ತೀನಿ ಬುಡು" ಎಂದಳು ಅವಳು. ಸಿಂಚನ ಅವಳ ಮಡಿಲಲ್ಲೇ ಬೆಳೆದ ಹುಡುಗಿ.

ನನ್ನನ್ನು ಅವನು ಹಾಲ್‌ನ ಗಾಜಿನ ಷೋಕೇಸಿನಲ್ಲಿ, ದಸರಾ ಗೊಂಬೆಗಳ ನಡುವೆ ಓರೆಯಾಗಿ ಆನಿಸಿ ನಿಲ್ಲಿಸಿದ.

ಗಂಡಿನವರು ಕಾಫಿ ಕುಡಿಯುತ್ತಿದ್ದಾಗಲೇ ಕಚೇರಿಯ ಗುಮಾಸ್ತರು ಬಾಗಿಲಿಗೆ ಬಂದರು. ನಾಳೆ ಬನ್ನಿ ಸಾರ್ ಎಂದು ಕೆಂಪರಾಜ ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಅವರು ಹೊಸ್ತಿಲಲ್ಲೇ ನಿಂತು, ಹೊಂಬಾಳಮ್ಮ ಅನ್ನೋರಿಗೆ ನಡೆಯೋಕಾಗಲ್ಲ ಅಂತ ಮೇಲ್ಮನವಿ ಬಂದಿದೆ, ಇದೇ ಮನೆಯಾ ಎಂದು ಗಟ್ಟಿಯಾಗಿ ಕೇಳಿಬಿಟ್ಟರು. ಗಂಡಿನ ಸೋದರಮಾವ ಲೋಟ ಕೆಳಗಿಟ್ಟರು.

"ನಮ್ಮಕ್ಕಂಗಾ?" ಎಂದ ಕೆಂಪರಾಜ. "ಯಾರೋ ಆಗ್ದೋರು ಬರ್ದಿರ್ಬೇಕು ಸಾರ್. ನಮ್ಮಕ್ಕ ಗಟ್ಟಿಯಾಗವ್ಳೆ. ಸಂತೆಗೆ ಹೋಗವ್ಳೆ ಈಗ."

"ಕೋಲು ಹಿಡೀತಾರೆ ಅಂತಿದೆಯಲ್ರೀ."

ಅವನು ಬೆರಳು ಚಾಚಿ ನನ್ನನ್ನು ತೋರಿಸಿದ. "ಅದಾ? ಅದು ಷೋಗೆ ಮಡಗಿರೋದು."

ಎಲ್ಲರೂ ನಕ್ಕರು. ಗಂಡಿನ ತಾಯಿ ಎದ್ದು ಬಂದು, ಎಷ್ಟು ಚೆಂದ ಇದೆ ಎಂದು ಗಾಜಿನ ಮೇಲೆ ಕೈಯಿಟ್ಟರು. ಗುಮಾಸ್ತರು ಅವನ ಹೇಳಿಕೆ ಬರೆದುಕೊಂಡು, ಸಹಿ ಹಾಕಿಸಿಕೊಂಡು, ಒಂದು ಬಾಳೆಹಣ್ಣು ತಿಂದು ಹೋದರು. ಹಾಲ್‌ಗೂ ಒಳಕೋಣೆಗೂ ನಡುವೆ ಇದ್ದದ್ದು ಒಂದು ಪರದೆ. ಆ ಪರದೆಯ ಕೆಳಗೆ ಎರಡು ಪಾದಗಳು ಕಾಣುತ್ತಿದ್ದವು. ಎಡಪಾದ ನಡುಗುತ್ತಿತ್ತು. ಅವು ಮುಂದೆ ಬರಲೂ ಇಲ್ಲ, ಹಿಂದೆ ಹೋಗಲೂ ಇಲ್ಲ.

ಮನೆಯವರ ಹೇಳಿಕೆಯಂತೆ ಅರ್ಜಿದಾರರು ಆರೋಗ್ಯವಾಗಿದ್ದಾರೆ ಎಂದು ಮೇಲ್ಮನವಿ ವಜಾ ಆಯಿತು. ಕೆಂಪರಾಜ ತಲೆ ತಗ್ಗಿಸಿಕೊಂಡು, ಮದುವೆ ಮುಗಿಯಲಿ, ಇನ್ನೊಂದು ಸಲ ಹಾಕೋಣ, ಅಲ್ಲೀತನಕ ನಾನಿಲ್ಲವೇ ಎಂದ.

"ನೀನಿದ್ದೀಯ ಅಂತಾನೇ ಕಣೋ ಅವತ್ತು ಬಾಯಿ ಬುಡ್ಲಿಲ್ಲ" ಎಂದಳು.

ಬೀಗರ ಕಡೆಯವರು ಆಗಾಗ ಬರುತ್ತಿದ್ದುದರಿಂದ ನಾನು ಷೋಕೇಸಿನಲ್ಲೇ ಉಳಿದೆ. ಅವಳು ಹೊಸ ಬಣ್ಣದ ಗೋಡೆ ಹಿಡಿದು ನಡೆಯುತ್ತಿದ್ದಳು. ಕಲೆ ಬೀಳುತ್ತಿತ್ತು. ಕೆಂಪರಾಜನ ಹೆಂಡತಿ ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದಳು. ಗಾಜಿನೊಳಗಿನಿಂದ ನಾನು ಎರಡನ್ನೂ ನೋಡುತ್ತಿದ್ದೆ. ಹಿಡಿಯಬೇಕಾದ ಕೈ ಎದುರಿಗೇ ಗೋಡೆ ಸವರಿಕೊಂಡು ಹೋಗುವುದನ್ನು ನೋಡುತ್ತ ನಿಲ್ಲುವುದಿದೆಯಲ್ಲ, ಅದು ಯಾವ ಕೋಲಿಗೂ ಬೇಡ.

ಸಿಂಚನಳ ಮದುವೆ ಚೆನ್ನಾಗಿಯೇ ಆಯಿತು. ಮನೆ ಖಾಲಿಯಾದ ಮೇಲೆ ಒಂದು ದಿನ ಹೊಂಬಾಳಮ್ಮ ಷೋಕೇಸಿನ ಬಾಗಿಲು ಸರಿಸಿ ನನ್ನನ್ನು ತೆಗೆದುಕೊಂಡಳು. ಆಟೋ ಹತ್ತಿ ನೇರ ಜಬ್ಬಾರ್ ಸಾಬರ ಕಾರ್ಖಾನೆಗೆ ಬಂದಳು.

"ಇದರ ಬಣ್ಣ ತೆಗ್ದುಬುಡಣ್ಣ."

"ಯಾಕಮ್ಮ? ಚೆನ್ನಾಗೈತಲ್ಲ?"

"ಅದಕ್ಕೇ."

ಅವರು ನನ್ನ ಬೆಸುಗೆ ಬಿಚ್ಚಿ, ತುಂಡುಗಳನ್ನು ಮತ್ತೆ ಲೇತಿಗೆ ಸಿಕ್ಕಿಸಿದರು. ಉಳಿ ತಾಗಿಸಿದರು. ಕೆಂಪು, ಹಳದಿ, ಹಸಿರು ಎಲ್ಲ ಎಳೆ ಎಳೆಯಾಗಿ ನೆಲಕ್ಕೆ ಉದುರಿದವು. ಗಿಣಿಯ ತಲೆಯನ್ನು ಉಪ್ಪುಕಾಗದದಿಂದ ಅವಳೇ ಕೂತು ಉಜ್ಜಿದಳು. ಈಗ ಅದು ಗಿಣಿ ಎಂದು ಹೇಳಿದರೆ ಮಾತ್ರ ಗೊತ್ತಾಗುತ್ತದೆ.

ಕಾರ್ಖಾನೆಯ ಹಿಂದಿನ ಸಾಮಾನಿನ ಕೋಣೆಯನ್ನು ಸಾಬರು ಅವಳಿಗೆ ಬಿಟ್ಟುಕೊಟ್ಟಿದ್ದಾರೆ. ಕೈ ಆಡಿದ ದಿನ ಬುಗುರಿಗೆ ದಾರ ಸುತ್ತಿಕೊಡುತ್ತಾಳೆ. ಹೊಸ ಅರ್ಜಿ ಹಾಕಿದ್ದಾಳೆ, ಮನೆಯವರು ಎನ್ನುವ ಜಾಗದಲ್ಲಿ ಯಾರ ಹೆಸರನ್ನೂ ಬರೆಸದೆ. ಈ ಸಲ ತಪಾಸಣೆಗೆ ಮಧ್ಯಾಹ್ನದ ಹೊತ್ತು ಕೇಳಿಕೊಂಡಿದ್ದಾಳೆ. ಸವೆದ ಎಡ ಚಪ್ಪಲಿಯನ್ನು ಒಂದು ಕವರಿನಲ್ಲಿ ಕಟ್ಟಿ ಇಟ್ಟಿದ್ದಾಳೆ, ಒಳಗೆ ಕೊಂಡೊಯ್ಯಲು.

ಮೊನ್ನೆ ಕೆಂಪರಾಜ ಬಂದಿದ್ದ. ಅವನ ಹೊಸ ಚಪ್ಪಲಿಗಳು ಹೊಸ್ತಿಲಾಚೆಯೇ ನಿಂತವು. ಮನೆಗೆ ಬಾ ಅಕ್ಕ ಎಂದ. ಅವಳು ಎದ್ದು ನನ್ನ ಮೇಲೆ ಭಾರ ಹಾಕಿ ನಿಂತಳು. ಆಮೇಲೆ ಬಂದ ಕೆಲಸ ಹೇಳಿದ.

"ಆ ಬಣ್ಣದ ಕೋಲು ಎಲ್ಲಕ್ಕ? ಬೀಗಿತ್ತಿ ತುಂಬಾ ಮೆಚ್ಕೊಂಡವ್ರೆ. ಅವರ ಷೋಕೇಸಿಗೆ ಕೊಡಾನ ಅಂತ."

ಹೊಂಬಾಳಮ್ಮ ನನ್ನನ್ನು ನೆಲದಿಂದ ಒಂದಿಷ್ಟು ಮೇಲೆತ್ತಿ ತೋರಿಸಿದಳು. "ಇದೇ ಕಣೋ."

ಅವನಿಗೆ ಗುರುತು ಸಿಗಲಿಲ್ಲ. "ಎಲ್ಲಿ, ಕೊಡು ನೋಡಾನ" ಎಂದು ಕೈ ಚಾಚಿದ.

ಅವಳ ಕೈ ಯಾವತ್ತೂ ಕೇಳಿದವರಿಗೆ ಇಲ್ಲ ಎಂದದ್ದಲ್ಲ. ಒಂದು ಕ್ಷಣ ಅದು ಮುಂದಕ್ಕೆ ಅದುರಿದ್ದು ನನಗೆ ತಿಳಿಯಿತು. ಅವತ್ತು ಆಸ್ಪತ್ರೆಯಲ್ಲಿ ಅವಳು ನನ್ನನ್ನು ಕೊಟ್ಟದ್ದು ಗೊತ್ತಿಲ್ಲದೆ. ಗುಮಾಸ್ತರ ಮುಂದೆ ಇವನು ಅವಳನ್ನು ಕೊಟ್ಟುಬಿಟ್ಟದ್ದು ಗೊತ್ತಿದ್ದೇ. ಗಿಣಿಯ ತಲೆಯ ಮೇಲೆ ಅವಳ ಬೆರಳುಗಳು ಒಂದೊಂದಾಗಿ ಬಿಗಿದವು.

"ಕೊಡಲ್ಲ. ಕೊಟ್ರೆ ಬಿದ್ದೋಗ್ತೀನಿ."

ಅವನ ಚಪ್ಪಲಿಗಳು ತಿರುಗಿ ಹೋದವು.

ಈಗ ನಾನು ಅವಳ ಚಾಪೆಯ ಪಕ್ಕದ ಮೂಲೆಯಲ್ಲಿ ಒರಗಿಕೊಂಡಿದ್ದೇನೆ. ಗೋಡೆಯಾಚೆ ಲೇತು ಗರಗರ ಎನ್ನುತ್ತದೆ, ಅರಗಿನ ವಾಸನೆ ಬರುತ್ತದೆ. ನನ್ನನ್ನು ಚೆನ್ನಾಗಿದೆ ಎನ್ನುವವರು ಈಗ ಯಾರೂ ಇಲ್ಲ. ಅವಳು ಮೇಲೇಳಬೇಕಾದಾಗ ಕತ್ತಲಲ್ಲೂ ನೇರ ನನ್ನ ಕಡೆಗೇ ಕೈ ಚಾಚುತ್ತಾಳೆ.