ತುಂಬುತೋಳು

"ಹುಟ್ಟುಗುಣ ಹೂತರೂ ಹೋಗೂದಿಲ್ಲ, ಇದು ಖರೇ ಕತಿ," ಎನ್ನುತ್ತ ಚನ್ನಯ್ಯ ಕೋಣೆಯ ಬಾಗಿಲಿಗೆ ಅಡ್ಡ ನಿಂತ. "ನಮ್ಮಕ್ಕ ಮೈ ಮುಟ್ಟಿಸಿಕೊಂಡಾಕಿ ಅಲ್ಲ. ಮೈ ತೊಳೀದ ಹಂಗ ಕೂಡಿಸ್ರಿ."

"ಗಾದಿಮಾತು ಕೆಡಸಬ್ಯಾಡೋ. ಅದು ಸುಟ್ಟರೂ," ಎಂದಳು ಪಕ್ಕದ ಮನೆಯ ಚೌಡಮ್ಮ. ಅವಳ ಕೈಯಲ್ಲಿ ಬಿಸಿನೀರಿನ ಕೊಡವೂ ಚೆಂಬೂ ಇದ್ದವು.

"ನಾವು ಸುಡೂದಿಲ್ಲಲ್ಲ ಚೌಡಮ್ಮಾ, ಹೂಳತೀವಿ."

ಜಗಲಿಯ ಮೇಲಿದ್ದ ಇಬ್ಬರು ನಗು ಬಂದದ್ದಕ್ಕೆ ಕೆಮ್ಮಿದರು. ಕ್ರಿಯೆ ಮಾಡಿಸಲು ಬಂದಿದ್ದ ಅಯ್ನೋರು ಕೆಮ್ಮಲಿಲ್ಲ. "ಮೈ ತೊಳದು, ತೋಳಿಗೂ ವಿಭೂತಿ ಹಚ್ಚಬೇಕ್ರಿ. ಆಮ್ಯಾಲ ಕುಣ್ಯಾಗ ಕೂಡಸೂದು."

ಒಳಗೆ ಅವನ ಅಕ್ಕ ಮುರಿಗೆವ್ವ ಹೆಣವಾಗಿ ಮಲಗಿದ್ದಳು. ಮುಂಗೈವರೆಗೆ ಗುಂಡಿ ಹಾಕಿದ ತುಂಬುತೋಳಿನ ಕುಬಸ.

*

ಅಕ್ಕ ತಮ್ಮ ಇಬ್ಬರಿಗೂ ಬಂದದ್ದು ಒಂದೇ ಚರ್ಮರೋಗ. ಮೊಣಕೈ, ತೋಳು, ಬೆನ್ನಿನ ಮೇಲೆ ಕೆಂಪು ಚಕ್ಕೆ, ಉದುರುವ ಹೊಟ್ಟು. ಅಂಟುವುದಿಲ್ಲ ಎಂದು ಶಿರಸಿಯ ಡಾಕ್ಟರು ಇಬ್ಬರಿಗೂ ಹೇಳಿದ್ದರು. ಚನ್ನಯ್ಯನಿಗೆ ಹೆಣ್ಣು ಕೊಡಲು ಬಂದವರು, "ಗಂಡಸಿಗೇನ್ರಿ, ಅಂಗಿ ತೊಟ್ಟರ ಮುಗೀತು," ಎಂದು ಹೋಳಿಗೆ ಉಂಡು ಹೋದರು. ಮುರಿಗೆವ್ವನನ್ನು ನೋಡಲು ಹಾವೇರಿ ಕಡೆಯಿಂದ ಬಂದವರು ಅವಳ ಕೈ ನೋಡಿದರು. ಆ ಕೈ ಕೊಟ್ಟ ಚಹಾ ಮುಟ್ಟದೆ ಎದ್ದರು.

ಆಮೇಲೆ ಚನ್ನಯ್ಯ ಬರಿಮೈಯಲ್ಲಿ ಗುಡ್ನಾಪುರದ ಕೆರೆ ಏರಿಯ ಮೇಲೆ ಕೂತು ಊರವರ ದನಿಯನ್ನೆಲ್ಲ ಅಣಕಿಸುತ್ತಿದ್ದ. ಅವಳು ಬಳೆಗಾರ ಬಂದರೂ ಹಿತ್ತಲಿಗೆ ಹೋಗಿಬಿಡುತ್ತಿದ್ದಳು.

"ನಂದು ಸೋರಿಯಾಸಿಸ್ಸು ಅಕ್ಕಾ, ನಿಂದು ಸೀರಿಯಾಸಿಸ್ಸು. ಸೀರಿ ದಾಟಿ ಹೊರಗ ಬರೂದೇ ಇಲ್ಲ."

ಅವಳು ಸೆರಗು ಬಾಯಿಗೆ ಒತ್ತಿ ನಕ್ಕಿದ್ದಳು. ಆಮೇಲೆ, "ನನ್ನ ದನಿ ಬೇಕಾದ್ರ ಅಣಕಸು. ತೋಳು ಮಾತ್ರ ಯಾರಿಗೂ ತೋರಸಬ್ಯಾಡೋ. ಸತ್ತ ಮ್ಯಾಲೂ," ಎಂದಿದ್ದಳು.

*

ಚೌಡಮ್ಮ ಬಾಗಿಲಲ್ಲಿದ್ದ ಚನ್ನಯ್ಯನನ್ನು ಸರಿಸಿ ಒಬ್ಬಳೇ ಒಳಹೋದಳು. ಕದದ ಪರದೆ ಬಿತ್ತು. ಅವನಿಗೆ ಬೇರೆ ದಾರಿ ತೋಚಲಿಲ್ಲ. ಚೌಡಮ್ಮ ಕುಬಸದ ಮೊದಲ ಗುಂಡಿಗೆ ಕೈ ಹಾಕುತ್ತಿದ್ದಂತೆ ಪರದೆಯ ಹಿಂದಿನಿಂದ ಮುರಿಗೆವ್ವನ ಮೂಗುದನಿ ಬಂತು:

"ಏ ಚೌಡೀ, ಕೈ ತಗಿ! ಮೊದಲ ನಿಂದು ಬಿಚ್ಚು!"

ಚೆಂಬು ಉರುಳಿತು. ಚೌಡಮ್ಮ ಚೀರಿ, ಗೋಡೆಗೆ ಒರಗಿ, ಪರದೆ ಎಳೆದಳು. ನಿಂತಿದ್ದವನು ಚನ್ನಯ್ಯ. ಕಣ್ಣು, ಮೂಗು ಎರಡೂ ಸೋರುತ್ತಿದ್ದವು.

ಬೈಗುಳ ಬಂತೆಂದು ಅವನು ತಲೆ ತಗ್ಗಿಸಿದ. ಬೈಗುಳ ಬರಲಿಲ್ಲ. ಚೌಡಮ್ಮ ತನ್ನ ಕುಬಸದ ತುಂಬುತೋಳಿನ ಗುಂಡಿ ಬಿಚ್ಚಿ ಅದನ್ನು ಮೊಣಕೈ ಮೇಲಕ್ಕೆ ಸರಿಸಿದಳು. ಅದೇ ಕೆಂಪು ಚಕ್ಕೆಗಳು.

"ಯಾವಾಗಿಂದ?"

"ಸೊಸಿಗೂ ಗೊತ್ತಿಲ್ಲ."

"ಅಕ್ಕಗ?"

"ಇಲ್ಲೋ. ನನಗ ಆಕಿದೂ ಗೊತ್ತಿರಲಿಲ್ಲ, ಈಗ ನೀ ಹಿಂಗ ಅಡ್ಡ ಬಂದಾಗ ತಿಳೀತು. ಬ್ಯಾಸಗ್ಯಾಗ ಇಬ್ಬರೂ ಹಿತ್ತಲ ಕಟ್ಟಿ ಮ್ಯಾಲ ಬೆವರಕೋತ ಕುಂತು, ತುಂಬುತೋಳು ಈಗಿನ ಫ್ಯಾಶನ್ನು ಅಂತ ಒಬ್ಬರಿಗೊಬ್ಬರು..."

ಮಾತು ಮುಗಿಯಲಿಲ್ಲ, ಚೌಡಮ್ಮನಿಗೆ ನಗು ಬಂತು. ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆಯಿಂದ. ಜಗಲಿಯಲ್ಲಿ ನಡೆದಿದ್ದ ಭಜನೆ ನಿಂತಿತು. ಅಯ್ನೋರು ಎದ್ದು ನಿಂತರು. ಚನ್ನಯ್ಯ ನಗಲು ನೋಡಿದ, ಆಗಲಿಲ್ಲ. ಪರದೆ ಎಳೆದು ಹೊರಗೆ ಬಾಗಿಲಿಗೆ ಬೆನ್ನು ಕೊಟ್ಟು ನಿಂತ.

ಒಳಗೆ ಚೌಡಮ್ಮ ನಗುತ್ತಲೇ ಗೆಳತಿಯ ಗುಂಡಿಗಳನ್ನು ಬಿಚ್ಚಿದಳು. ತನ್ನ ಬರಿದೋಳನ್ನು ಆ ತಣ್ಣನೆಯ ತೋಳಿನ ಪಕ್ಕಕ್ಕೆ ಇಟ್ಟು, ಚಕ್ಕೆಗೆ ಚಕ್ಕೆ ತಾಳೆ ನೋಡುತ್ತ, ಇನ್ನೂ ಜೋರಾಗಿ ನಕ್ಕಳು.